ಐದು ಗಿಟುಕು ಕೊಬ್ಬರಿ

ನಮ್ಮ ಕಡೆ ಇಬ್ಬರು ಹೊಸಬರು ಭೇಟಿಯಾದರೆ ಮೊದಲು ಊರು ಕೇಳುತ್ತಾರೆ, ಆಮೇಲೆ ಮನೆದೇವರು ಯಾವುದು ಎನ್ನುತ್ತಾರೆ. ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಈ ಪ್ರಶ್ನೆ ಎದುರಾದಾಗಲೆಲ್ಲ ನಾನು ತಡವರಿಸಿದ್ದೇನೆ. ನಮ್ಮ ಮನೆಯಲ್ಲಿ ಅಪ್ಪಾಜಿಯದು ಒಂದು ಉತ್ತರ, ಅಮ್ಮನದು ಇನ್ನೊಂದು.

ಅಪ್ಪಾಜಿ ಸಿರಿಗೆರೆಯ ತರಳಬಾಳು ಮಠದ ಶಿಷ್ಯರ ಮನೆಯವರು. 1950 ರಲ್ಲಿ ಜಗಳೂರಿನಲ್ಲಿ ಮಠದ ಮೊದಲ ತರಳಬಾಳು ಹುಣ್ಣಿಮೆ ಉತ್ಸವ ನಡೆದಾಗ ನಮ್ಮ ತಾತ ಗಾಡಿ ಕಟ್ಟಿಕೊಂಡು ಹೋಗಿದ್ದರಂತೆ. ಎದೆಯ ಮೇಲೆ ಇಷ್ಟಲಿಂಗವಿರುವಾಗ ಬೇರೆ ಗುಡಿಗೆ ಹೋಗಿ ಕೈಮುಗಿಯಬೇಕಾದ ಅಗತ್ಯವಿಲ್ಲ ಎಂಬುದು ತಾತನ ಮಾತು. ಅಪ್ಪಾಜಿ ಅದನ್ನು ಒಂದು ದಿನವೂ ಮೀರಿದವರಲ್ಲ. ಹರಕೆ, ಮುಡಿಪು, ಜಾತ್ರೆ ಯಾವುದಕ್ಕೂ ಅವರು ಹೋಗುತ್ತಿರಲಿಲ್ಲ. ಹೋಗುವವರನ್ನು ತಡೆದವರೂ ಅಲ್ಲ.

ಅಮ್ಮನ ತವರು ಚಳ್ಳಕೆರೆ ತಾಲ್ಲೂಕು. ಮಳೆ ಕಡಿಮೆ, ಶೇಂಗಾ ಹೆಚ್ಚು. ಆ ಸೀಮೆಯಲ್ಲಿ ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ, ತಿಪ್ಪಮ್ಮ ಇಲ್ಲದ ಕೇರಿ ಇಲ್ಲ. ಅಮ್ಮನ ತವರಿನಲ್ಲೇ ಮೂವರು ತಿಪ್ಪೇಸ್ವಾಮಿಗಳಿದ್ದರು. ದೊಡ್ಡ ತಿಪ್ಪೇಸ್ವಾಮಿ, ಸಣ್ಣ ತಿಪ್ಪೇಸ್ವಾಮಿ, ಅಂಗಡಿ ತಿಪ್ಪೇಸ್ವಾಮಿ ಎಂದು ಗುರುತಿಟ್ಟು ಕರೆಯುತ್ತಿದ್ದರು. ಎಲ್ಲರೂ ನಾಯಕನಹಟ್ಟಿಯ, ನಮ್ಮ ಬಾಯಲ್ಲಿ ಬರೀ ಹಟ್ಟಿಯ, ಗುರು ತಿಪ್ಪೇರುದ್ರಸ್ವಾಮಿಯ ಹೆಸರು ಹೊತ್ತವರು. 1997 ರಲ್ಲಿ ನಾವಿರುವ ದಾವಣಗೆರೆ ಚಿತ್ರದುರ್ಗದಿಂದ ಬೇರೆ ಜಿಲ್ಲೆಯಾದಾಗ ಅಮ್ಮ, "ಹಾಗಾದರೆ ನಮ್ಮ ಹಟ್ಟಿ ಇನ್ನು ಬೇರೆಯವರ ಜಿಲ್ಲೆಗೆ ಹೋಯಿತೇ?" ಎಂದು ನಿಜವಾಗಿಯೂ ಸಂಕಟದಿಂದ ಕೇಳಿದ್ದು ನನಗೆ ನೆನಪಿದೆ.

ತಿಪ್ಪೇರುದ್ರಸ್ವಾಮಿ ಈ ಬರದ ಸೀಮೆಯಲ್ಲಿ ಕೆರೆ ಕಟ್ಟಿಸಿದವರು. ಅಮ್ಮ ಹೇಳುತ್ತಿದ್ದ ಕಥೆ ಹೀಗೆ. ದಿನವಿಡೀ ಮಣ್ಣು ಹೊತ್ತವರು ಸಂಜೆ ಕೂಲಿ ಕೇಳಿದಾಗ ಸ್ವಾಮಿ, "ನಿಮ್ಮ ನಿಮ್ಮ ಮುಂದೆ ಒಂದೊಂದು ಮಣ್ಣಿನ ಗುಡ್ಡೆ ಮಾಡಿಕೊಳ್ಳಿ" ಎಂದರಂತೆ. ಗುಡ್ಡೆ ಕೆದಕಿ ನೋಡಿದರೆ ಅವರವರು ದುಡಿದಷ್ಟೇ ದುಡ್ಡು. ಹೆಚ್ಚು ಹೊತ್ತವನಿಗೆ ಹೆಚ್ಚು, ನೆರಳಲ್ಲಿ ಕುಳಿತು ಕಾಲ ಕಳೆದವನಿಗೆ ಬರೀ ಮಣ್ಣು. "ಮಾಡಿದಷ್ಟು ನೀಡು ಭಿಕ್ಷೆ" ಎಂಬುದು ಅವರ ಹೆಸರಿನೊಂದಿಗೇ ಜನರ ಬಾಯಲ್ಲಿ ಉಳಿದ ಮಾತು. ಚಿಕ್ಕವಳಿದ್ದಾಗ ನನಗೆ ಈ ದೇವರ ಬಗ್ಗೆ ಸ್ವಲ್ಪ ಹೆದರಿಕೆಯಿತ್ತು. ಕೇಳಿದ್ದನ್ನು ಕೊಡದೆ ಮಾಡಿದ್ದನ್ನು ಕೊಡುವ ದೇವರು. ಈಗ ಅದೇ ಕಾರಣಕ್ಕೆ ಧೈರ್ಯ ಬರುತ್ತದೆ.

1989 ರಲ್ಲಿ, ನನಗೆ ಏಳು ವರ್ಷವಿದ್ದಾಗ, ಟೈಫಾಯ್ಡ್ ಬಂದು ಹದಿನೆಂಟು ದಿನ ಆಸ್ಪತ್ರೆಯಲ್ಲಿ ಮಲಗಿದ್ದೆ. ನನಗೆ ನೆನಪಿರುವುದು ಎರಡೇ. ಹಣೆಯ ಮೇಲಿನ ಒದ್ದೆ ಬಟ್ಟೆ ಬಿಸಿಯಾಗುತ್ತಿದ್ದುದು, ಮತ್ತು ಅಪ್ಪಾಜಿ ನನ್ನ ಕಿವಿಯ ಹತ್ತಿರ ಬಾಗಿ "ತರಳಾ, ಬಾಳು" ಎನ್ನುತ್ತಿದ್ದುದು. ಮಠದ ಮೂಲಗುರು ಮರುಳಸಿದ್ಧರು ತಮ್ಮ ಶಿಷ್ಯನನ್ನು ಪೀಠದಲ್ಲಿ ಕೂರಿಸಿ ಹರಸಿದ ಮಾತು ಅದು. ಮಗುವೇ, ಬಾಳು. ಮಠದ ಹೆಸರಿನಲ್ಲೇ ಇರುವ ಆ ಹರಕೆಯನ್ನು ಅಪ್ಪಾಜಿ ಬೇಡಿಕೆಯಾಗಿಸಿಕೊಂಡಿದ್ದರು. ಅದೇ ಹೊತ್ತಿನಲ್ಲಿ, ಹೊರಗಿನ ವರಾಂಡದಲ್ಲಿ, ಅಮ್ಮ ಸೆರಗಿನ ತುದಿಗೆ ಒಂದು ನಾಣ್ಯ ಗಂಟು ಹಾಕಿ, ಮಗಳು ಎದ್ದು ಕುಳಿತರೆ ಬದುಕಿರುವವರೆಗೂ ಪ್ರತಿ ವರ್ಷ ಹಟ್ಟಿ ಜಾತ್ರೆಯಲ್ಲಿ ಐದು ಗಿಟುಕು ಕೊಬ್ಬರಿ ಸುಡುತ್ತೇನೆ ಎಂದು ಹರಕೆ ಹೊತ್ತಿದ್ದಳು. ನಾನು ಎದ್ದು ಕುಳಿತೆ. ಯಾರ ಮಾತು ಮುಟ್ಟಿತು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.

ಮೂವತ್ತೈದು ವರ್ಷ ಅಮ್ಮ ತಪ್ಪದೆ ಹೋದಳು. ಕಳೆದ ವರ್ಷ ಮಂಡಿ ಕೈಕೊಟ್ಟಿತು. ಮನೆಯೊಳಗೇ ಗೋಡೆ ಹಿಡಿದು ನಡೆಯುವ ಸ್ಥಿತಿ. "ಈ ಸಲ ನೀನು ಹೋಗಿ ಬಾ" ಎಂದಳು. ನಾನು ಒಪ್ಪಿಕೊಂಡೆ. ಪೇಪರ್ ಓದುತ್ತಿದ್ದ ಅಪ್ಪಾಜಿ ತಲೆ ಎತ್ತದೆಯೇ, "ನಾನೂ ಬರುತ್ತೇನೆ. ಅಷ್ಟು ಜನರ ನಡುವೆ ಒಬ್ಬಳೇ ಹೇಗೆ ಹೋಗುತ್ತೀಯ" ಎಂದರು. ಅಮ್ಮ ಅವರ ಮುಖವನ್ನು ಒಂದು ಗಳಿಗೆ ನೋಡಿ, ಏನೂ ಹೇಳದೆ ಒಳಗೆ ಹೋಗಿ ಕೊಬ್ಬರಿಯ ಚೀಲ ತಂದಿಟ್ಟಳು.

ಜಾತ್ರೆ ಫಾಲ್ಗುಣದಲ್ಲಿ, ಹೋಳಿ ಹುಣ್ಣಿಮೆಯ ಬೆನ್ನಿಗೆ ಬರುವ ಚಿತ್ತಾ ನಕ್ಷತ್ರದಂದು. ಚಿತ್ರದುರ್ಗದಲ್ಲಿ ಬಸ್ ಬದಲಿಸಿದೆವು. ಅಲ್ಲಿಂದ ಮುಂದೆ ದಾರಿಯುದ್ದಕ್ಕೂ ಟ್ರ್ಯಾಕ್ಟರುಗಳು, ಟೆಂಪೋಗಳು, ಬಿಸಿಲಿನಲ್ಲೇ ನಡೆದು ಹೊರಟ ಗುಂಪುಗಳು. ಊರು ಮುಟ್ಟಿದಾಗ ಮುಕ್ತಿ ಬಾವುಟದ ಹರಾಜು ನಡೆಯುತ್ತಿತ್ತು. ತೇರಿನ ಮೇಲಿನ ಆ ಬಾವುಟಕ್ಕಾಗಿ ಭಕ್ತರು ಲಕ್ಷಗಟ್ಟಲೆ ಕೂಗುತ್ತಾರೆ. ಆಮೇಲೆ ತೇರು ಅಲುಗಿತು. ಬಾಳೆಹಣ್ಣುಗಳು ಆಕಾಶದಲ್ಲಿ ಹಾರಿದವು. ಜನರ ಒತ್ತಿನಲ್ಲಿ ಹಗ್ಗ ಮುಟ್ಟಲು ನನಗೆ ಆಗಲಿಲ್ಲ. ಎತ್ತರದ ಹೂವಿನ ಹಾರಗಳು ನಿಧಾನವಾಗಿ ಮುಂದೆ ಸಾಗುವುದನ್ನು ದೂರದಿಂದ ನೋಡಿ ಕೈಮುಗಿದೆ. ಅಪ್ಪಾಜಿ ನನ್ನ ಹಿಂದೆ ನಿಂತು, ನನ್ನನ್ನು ಯಾರೂ ತಳ್ಳದಂತೆ ಎರಡೂ ತೋಳು ಚಾಚಿದ್ದರು.

ಜನ ಕರಗಿದ ಮೇಲೆ ಕೊಬ್ಬರಿ ಸುಡೋಣ ಎಂದು ಬಯಲಿನ ಒಂದು ಬೇವಿನ ಮರದ ಕೆಳಗೆ ಚಾಪೆ ಹಾಸಿದೆವು. ಪಕ್ಕದಲ್ಲಿ ಮಂಡಕ್ಕಿ ಚೀಲಗಳನ್ನು ಇಳಿಸಿಕೊಂಡ ಒಬ್ಬಾಕೆ ಇದ್ದಳು. ಮಾತನಾಡಿಸಿದರೆ ನಮ್ಮ ದಾವಣಗೆರೆಯವಳೇ, ಮಂಡಕ್ಕಿ ಭಟ್ಟಿಯ ಮನೆಯವಳು. ಗಂಡ ತಕ್ಕಡಿ ಹಿಡಿದಿದ್ದ, ಇವಳು ಪೊಟ್ಟಣ ಕಟ್ಟುತ್ತಿದ್ದಳು. ರಂಜಾನ್ ತಿಂಗಳು. ಬೆಳಗಿನಿಂದ ಒಂದು ಹನಿ ನೀರು ಕುಡಿಯದೆ ಆ ಬಿಸಿಲಿನಲ್ಲಿ ವ್ಯಾಪಾರ ಮಾಡಿದ್ದಳು. ಮರದ ಇನ್ನೊಂದು ಬದಿಗೆ ಕಂಬಳಿ ಹೊದ್ದ ಒಬ್ಬ ಮುದುಕರು, ಅವರ ಇಬ್ಬರು ಮೊಮ್ಮಕ್ಕಳು.

ಹೊತ್ತು ಮುಳುಗುತ್ತಿದ್ದಂತೆ ಅಪ್ಪಾಜಿ ಕೈಕಾಲು ಮುಖ ತೊಳೆದು ಬಂದು ಕುಳಿತರು. ಎಲ್ಲಿದ್ದರೂ ಲಿಂಗಪೂಜೆ ಆಗದೆ ಅವರು ಊಟ ಮಾಡುವುದಿಲ್ಲ. ಹಣೆಗೆ, ತೋಳಿಗೆ ವಿಭೂತಿ ಹಚ್ಚಿಕೊಂಡು, ಕರಡಿಗೆಯ ಮುಚ್ಚಳ ತೆಗೆದು, ಇಷ್ಟಲಿಂಗವನ್ನು ಎಡ ಅಂಗೈಯ ಮೇಲೆ ಇಟ್ಟುಕೊಂಡರು. ಎಪ್ಪತ್ತೆಂಟರ ಕೈ ಸ್ವಲ್ಪ ನಡುಗುತ್ತದೆ. ಲಿಂಗ ಅಂಗೈಗೆ ಬಂದ ಕೂಡಲೇ ಆ ನಡುಕ ನಿಂತಿತು. ಇದನ್ನು ನಾನು ಮನೆಯಲ್ಲಿ ಸಾವಿರ ಸಲ ನೋಡಿರಬೇಕು, ಗಮನಿಸಿದ್ದು ಅಂದೇ. ತಂಬಿಗೆಯಿಂದ ಒಂದಿಷ್ಟು ನೀರು, ಬೆರಳಲ್ಲಿ ವಿಭೂತಿ, ಜೇಬಿನಲ್ಲಿ ಕಾಗದದಲ್ಲಿ ಸುತ್ತಿ ತಂದಿದ್ದ ಒಂದು ಪತ್ರೆ. ಆಮೇಲೆ ನೋಟವನ್ನು ಅದರ ಮೇಲೆ ನೆಟ್ಟು ಕುಳಿತುಬಿಟ್ಟರು. ನಾಲ್ಕು ಹೆಜ್ಜೆ ಆಚೆ ಪೀಪಿ, ತಮಟೆ, ಮಕ್ಕಳ ಅಳು. ಅವರಿಗೆ ಯಾವುದೂ ಇಲ್ಲ.

ಮುದುಕರು ಮೊಮ್ಮಕ್ಕಳಿಗೆ ಸುಮ್ಮನಿರಿ ಎಂದು ಸನ್ನೆ ಮಾಡಿದರು. ಮಂಡಕ್ಕಿಯಾಕೆ ಪೊಟ್ಟಣ ಕಟ್ಟುವುದನ್ನು ನಿಲ್ಲಿಸಿ, ಕಾಗದದ ಸದ್ದೂ ಆಗದಂತೆ ಕುಳಿತಳು. ಪೂಜೆ ಮುಗಿಯುವ ಹೊತ್ತಿಗೆ ಊರ ಕಡೆಯಿಂದ ಬಾಂಗ್ ಕೇಳಿಸಿತು. ಈಗ ಸುಮ್ಮನಾಗುವ ಸರದಿ ನಮ್ಮದು. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು, ತುಟಿಯಲ್ಲೇ ಏನೋ ಹೇಳಿ, ಒಂದು ಖರ್ಜೂರ ಬಾಯಿಗಿಟ್ಟಳು. ಎರಡನೆಯದನ್ನು ಅಪ್ಪಾಜಿಯ ಕಡೆ ಚಾಚಿ, "ತೆಗೆದುಕೊಳ್ಳಿ ಅಪ್ಪಾಜಿ, ನೀವೂ ಈಗಲೇ ಪೂಜೆ ಮುಗಿಸಿದಿರಿ" ಎಂದಳು. ಅಪ್ಪಾಜಿ ಎರಡೂ ಕೈ ಒಡ್ಡಿ ತೆಗೆದುಕೊಂಡರು. ಪ್ರಸಾದವನ್ನು ಅವರು ತೆಗೆದುಕೊಳ್ಳುವುದು ಹಾಗೆಯೇ.

ರೊಟ್ಟಿ ಬುತ್ತಿ ಬಿಚ್ಚಿದೆವು. ಶೇಂಗಾ ಚಟ್ನಿಗೆ ಅವಳ ಮಂಡಕ್ಕಿ ಸೇರಿತು. ಆಗ ಮುದುಕರು ಆ ಪ್ರಶ್ನೆ ಕೇಳಿದರು. "ನಿಮ್ಮ ಮನೆದೇವರು ಯಾವುದು ಯಜಮಾನರೇ?"

ಅಪ್ಪಾಜಿ ಎದೆಯ ಮೇಲಿನ ಕರಡಿಗೆಯನ್ನು ಮುಟ್ಟಿ, "ಇದೇ. ನಮ್ಮಪ್ಪ ಕಟ್ಟಿಸಿದ್ದು. ನಾನು ಹೋಗುವಾಗ ನನ್ನ ಜೊತೆಗೇ ಬರುತ್ತದೆ" ಎಂದರು. ಮುದುಕರು ತಲೆದೂಗಿದರು. "ಹೊತ್ತುಕೊಂಡು ತಿರುಗುವ ದೇವರು. ನಮ್ಮದು ನಾವು ಹಿಂದೆ ಹೋಗಬೇಕಾದ ದೇವರು" ಎಂದರು.

ಅವರು ಮ್ಯಾಸನಾಯಕರು, ದನ ಸಾಕುವ ಸಮುದಾಯದವರು. ಅವರ ಬೆಡಗಿಗೆ, ಅಂದರೆ ಕುಲಕ್ಕೆ, ದೇವರ ಎತ್ತುಗಳಿವೆ. ಅವನ್ನು ನೇಗಿಲಿಗೆ ಕಟ್ಟುವುದಿಲ್ಲ, ಮಾರುವುದಿಲ್ಲ. ಸತ್ತರೆ ಮನುಷ್ಯರಿಗೆ ಮಾಡುವಂತೆ ಮಣ್ಣು ಮಾಡುತ್ತಾರೆ. ಅವನ್ನು ಕಾಯುವವನು ಕಿಲಾರಿ. ಮುದುಕರು ಇಪ್ಪತ್ತೆರಡು ವರ್ಷ ಕಿಲಾರಿಯಾಗಿದ್ದವರು. ಅವರ ಮನೆಗಳಲ್ಲಿ ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ. ಅದು ಹಿರಿಯರ ಕಟ್ಟಳೆ. "ಮೇವಿಲ್ಲದ ಬೇಸಿಗೆಯಲ್ಲಿ ನಾವು ಒಂದು ಹೊತ್ತು ಉಂಡು ಅವಕ್ಕೆ ಹುಲ್ಲು ತಂದಿದ್ದೇವೆ. ಮಲಗಿದ ಎತ್ತನ್ನು ಎಬ್ಬಿಸುವಾಗ ಅದು ನನ್ನ ಮುಖ ನೋಡುತ್ತದಲ್ಲ, ಅಷ್ಟೇ ನನ್ನ ಪೂಜೆ" ಎಂದರು. ಅಂಗೈಗಳನ್ನು ತೋರಿಸಿದರು. ಹಗ್ಗದ ಗೆರೆಗಳು ಅಂಗೈ ರೇಖೆಗಳನ್ನೇ ಅಳಿಸಿದ್ದವು.

"ಹಾಗಿದ್ದರೆ ಹಟ್ಟಿಗೆ ಯಾಕೆ ಬಂದಿರಿ?" ಎಂದು ನಾನು ಕೇಳಿದೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ, ಅದು ಕೇಳಬಾರದ ಪ್ರಶ್ನೆ ಎನಿಸಿತು. ಅವರಿಗೆ ಬೇಸರವಾಗಲಿಲ್ಲ. "ನಮ್ಮ ಎತ್ತುಗಳು ನೀರು ಕುಡಿಯುವುದು ಯಾರ ಕೆರೆಯಲ್ಲಿ ತಾಯಿ?" ಎಂದರು.

ಮಂಡಕ್ಕಿಯಾಕೆ ಅಷ್ಟು ಹೊತ್ತೂ ಕೇಳುತ್ತಿದ್ದಳು. ನಂತರ ಮೆಲ್ಲಗೆ ತನ್ನದನ್ನು ಹೇಳಿದಳು. ಅಲ್ಲಾಹ ಒಬ್ಬನೇ, ಅದರಲ್ಲಿ ತನಗೆ ಎರಡು ಮಾತಿಲ್ಲ. ಆದರೆ ಅತ್ತೆ ಈ ಜಾತ್ರೆಗೆ ಬರುತ್ತಿದ್ದರು, ಮಂಡಕ್ಕಿ ಮಾರುವ ಮೊದಲು ಒಂದು ಹಿಡಿಯನ್ನು ಸ್ವಾಮಿಯ ಹೆಸರಿನಲ್ಲಿ ಯಾರಾದರೂ ಹಸಿದ ಮಗುವಿಗೆ ಕೊಡುತ್ತಿದ್ದರು. "ಭಟ್ಟಿಯ ಮುಂದೆ ಕಾದ ಮರಳಿನಲ್ಲಿ ಕೈಯಾಡಿಸುವವರು ನಾವು. ದುಡಿದವರಿಗೆ ದುಡಿದಷ್ಟು ಕೊಟ್ಟವರು ಅಂದರೆ ನಮಗೆ ಗೌರವ ಬಾರದೇ ಇರುತ್ತದೆಯೇ ಅಕ್ಕ? ಸಲಾಂ ಹೇಳುತ್ತೇನೆ. ದುಆ ಬೇಡುವುದು ಮಾತ್ರ ಅವನೊಬ್ಬನಲ್ಲಿ." ಅಪ್ಪಾಜಿ ಆ ಮಾತನ್ನು ಬಹಳ ಹೊತ್ತು ಮನಸ್ಸಿನಲ್ಲಿ ಹೊರಳಿಸುತ್ತಿದ್ದಂತೆ ಕಂಡಿತು. ಗೌರವ ಒಂದು ಕಡೆ, ಶರಣಾಗತಿ ಒಂದು ಕಡೆ ಎಂದು ಅವಳು ಎಳೆದ ಗೆರೆ ಅವರ ಗೆರೆಯೂ ಆಗಿತ್ತು. ಅವರು ಅದನ್ನು ಎಂದೂ ಇಷ್ಟು ಸರಳವಾಗಿ ನನಗೆ ಹೇಳಿರಲಿಲ್ಲ.

ಅಷ್ಟರಲ್ಲಿ ಚಂದ್ರ ಮೇಲೆ ಬಂದಿದ್ದ. ಹುಣ್ಣಿಮೆ ಕಳೆದು ಎರಡು ದಿನ, ಅಂಚು ಸ್ವಲ್ಪ ಸವೆದಿತ್ತು. ನಾನು ಚೀಲ ಎತ್ತಿಕೊಂಡೆ. ಅಪ್ಪಾಜಿಯೂ ಎದ್ದರು.

ಮಠದ ಮುಂದೆ ಕೊಬ್ಬರಿಯ ರಾಶಿ ಉರಿಯುತ್ತಿತ್ತು. ಆ ಉರಿ ಕಟ್ಟಿಗೆಯ ಉರಿಯಂತಲ್ಲ. ಎಣ್ಣೆ ಕುಡಿದ ಬೆಂಕಿ, ಗಟ್ಟಿ ಹಳದಿ. ನಡುನಡುವೆ ಗಿಟುಕು ಬಿರಿದು ಚಟ್ ಎನ್ನುವ ಸದ್ದು. ವಾಸನೆ ಮೊದಲು ಒಗ್ಗರಣೆಯಂತೆ, ಆಮೇಲೆ ಗಂಟಲಿಗೆ ಹತ್ತುವಂತೆ. ಕೊಬ್ಬರಿ ಎಂದರೆ ಹಬ್ಬದ ಹೋಳಿಗೆಗೆ, ಬಾಣಂತಿಯ ಅಂಟಿನುಂಡೆಗೆ ಎತ್ತಿಟ್ಟುಕೊಳ್ಳುವ ವಸ್ತು. ಮನೆಯಲ್ಲಿ ಇರುವುದರಲ್ಲಿ ಬೆಲೆಯುಳ್ಳದ್ದನ್ನು, ಉಳಿಸಿಕೊಳ್ಳಬಹುದಾಗಿದ್ದನ್ನು, ಜನ ತಂದು ಬೆಂಕಿಗೆ ಕೊಡುತ್ತಿದ್ದರು. ನನ್ನ ಮುಂದಿದ್ದ ಹುಡುಗಿ ಕಂಕುಳಲ್ಲಿ ಕೂಸು ಹಿಡಿದುಕೊಂಡು ಒಂದೇ ಒಂದು ಗಿಟುಕು ಹಾಕಿ, ಕೂಸಿನ ಎರಡೂ ಪುಟ್ಟ ಕೈ ಜೋಡಿಸಿ ಮುಗಿಸಿದಳು.

ಚೀಲಕ್ಕೆ ಕೈ ಹಾಕಿದೆ. "ನಿಲ್ಲು" ಎಂದರು ಅಪ್ಪಾಜಿ. ಒಂದೊಂದೇ ಗಿಟುಕನ್ನು ತೆಗೆದು, ಬೆಂಕಿಯ ಬೆಳಕಿಗೆ ತಿರುಗಿಸಿ ನೋಡಿ, ಕಿವಿಯ ಹತ್ತಿರ ಅಲುಗಿಸಿ, ನನ್ನ ಕೈಗಿಟ್ಟರು. "ಒಡಕಿರಬಾರದು. ಬೂಸಲು ಹಿಡಿದಿರಬಾರದು. ನಿನ್ನಮ್ಮ ಒಪ್ಪುವುದಿಲ್ಲ."

"ನಿಮಗೆ ಹೇಗೆ ಗೊತ್ತು ಅಪ್ಪಾಜಿ?"

"ಮೂವತ್ತೈದು ವರ್ಷ ಕೊಬ್ಬರಿ ತಂದುಕೊಟ್ಟವನು ಯಾರು ಅಂದುಕೊಂಡೆ? ಅವಳು ಅಂಗಡಿಗೆ ಹೋದದ್ದು ನೀನು ನೋಡಿದ್ದೀಯಾ?"

ನೋಡಿರಲಿಲ್ಲ. ಹೋಳಿ ಹುಣ್ಣಿಮೆಗೆ ಒಂದು ವಾರವಿರುವಾಗ ಅಡುಗೆಮನೆಯ ಮೂಲೆಯಲ್ಲಿ ಆ ಬಟ್ಟೆ ಚೀಲ ಬಂದು ಕೂರುತ್ತಿತ್ತು, ಅಷ್ಟೇ. ಅದು ಬರುತ್ತಿದ್ದುದು ಎಲ್ಲಿಂದ ಎಂದು ನಾನು ಯೋಚಿಸಿಯೇ ಇರಲಿಲ್ಲ. ಕಣ್ಣಿಗೆ ನೀರು ಬಂತು. ಹೊಗೆಯೂ ಇತ್ತು.

ಐದನ್ನೂ ನಾನೇ ಹಾಕಿದೆ. ಅಪ್ಪಾಜಿ ಹಾಕಲಿಲ್ಲ, ಕೈಯನ್ನೂ ಮುಗಿಯಲಿಲ್ಲ. ಬಲಗೈ ಎದೆಯ ಕರಡಿಗೆಯ ಮೇಲಿತ್ತು. ತುಟಿ ಅಲುಗುತ್ತಿತ್ತು. ಏನು ಹೇಳುತ್ತಿದ್ದಾರೆಂದು ಕೇಳಿಸಿಕೊಳ್ಳಲು ಬಾಗಬೇಕಾಗಲಿಲ್ಲ. ಆ ಎರಡು ಪದಗಳನ್ನು ನಾನು ಏಳನೆಯ ವಯಸ್ಸಿನಿಂದ ಬಲ್ಲೆ.

ಮರಳಿ ಮರದ ಹತ್ತಿರ ಬರುವಾಗ ಮೊಬೈಲ್ ಹೊಡೆದುಕೊಂಡಿತು. ಅಮ್ಮ. "ಆಯಿತೇ? ಉರಿ ಚೆನ್ನಾಗಿ ಎದ್ದಿತೇ?" ನಾನು ಬಾಯಿ ತೆರೆಯುವ ಮೊದಲೇ ಅಪ್ಪಾಜಿ ಮೊಬೈಲ್ ತೆಗೆದುಕೊಂಡರು.

"ಎದ್ದಿತು. ಮೊದಲ ಎರಡು ಕೂಡಲೇ ಹತ್ತಿಕೊಂಡವು. ಮೂರನೆಯದು ಸ್ವಲ್ಪ ತಡೆಯಿತು, ಆಮೇಲೆ ಅದರದೇ ಉರಿ ಎಲ್ಲಕ್ಕಿಂತ ಎತ್ತರ. ಹೂಂ, ನನ್ನ ತಲೆಗಿಂತ ಎತ್ತರ. ಇಲ್ಲ, ಒಡಕಿರಲಿಲ್ಲ, ನಾನೇ ನೋಡಿದೆ. ಮಗಳು ಚೆನ್ನಾಗಿದ್ದಾಳೆ. ಬೂದಿ ಕಟ್ಟಿಕೊಂಡಿದ್ದೇವೆ. ನೀನು ಮಾತ್ರೆ ತೆಗೆದುಕೊಂಡೆಯಾ?"