ಕರುಳಿನ ಜೀವಿಗಳು, ತೊಡೆಯ ಬಲ

2019ರಲ್ಲಿ ಬಂದ ಒಂದು ಅಧ್ಯಯನ ತಲೆಯಿಂದ ಹೋಗುತ್ತಲೇ ಇಲ್ಲ. ಕರುಳಿನಲ್ಲಿ ಸೂಕ್ಷ್ಮಜೀವಿಗಳೇ ಇಲ್ಲದಂತೆ ಬೆಳೆಸಿದ ಇಲಿಗಳ ಸ್ನಾಯು ಸೊರಗಿತ್ತು. ಬೇರೆ ಇಲಿಗಳ ಕರುಳಿನ ಜೀವಿಗಳನ್ನು ಸೇರಿಸಿದಾಗ ಅದು ಮತ್ತೆ ತುಂಬಿಕೊಂಡಿತು!

ನಾವು ತಿಂದ ನಾರನ್ನು ಈ ಜೀವಿಗಳು ಹುಳಿಸಿ ಬ್ಯುಟಿರೇಟ್‌ನಂಥ ಆಮ್ಲಗಳನ್ನು ಮಾಡುತ್ತವೆ; ಕರುಳಿನ ಒಳಪದರ ಗಟ್ಟಿಯಾಗಿರಲು ಅವು ಬೇಕು. ಪದರ ಸಡಿಲವಾದರೆ ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ಸೇರಿ ಮೈಯೊಳಗೆ ಸಣ್ಣ ಉರಿಯೂತ ಸದಾ ಉಳಿಯಬಹುದು. ವಯಸ್ಸಾದಂತೆ ಸ್ನಾಯು ಕರಗಲು ಅದೂ ಒಂದು ಕಾರಣವಿರಬಹುದು ಎಂಬುದು ಈಗಿನ ಸಂಶೋಧಕರ ವಾದ.

ಮನುಷ್ಯರಲ್ಲಿ ಮಾತ್ರ ಅಷ್ಟು ಸಲೀಸಾಗಿ ಕಾಣುತ್ತಿಲ್ಲ. ಲಂಡನ್ನಿನ ಕಿಂಗ್ಸ್ ಕಾಲೇಜಿನವರು 36 ಜೋಡಿ ಹಿರಿಯ ಅವಳಿಗಳ ಮೇಲೆ ಮಾಡಿದ ಪ್ರಯೋಗ 2024ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ವ್ಯಾಯಾಮ, ಅಮೈನೊ ಆಮ್ಲದ (ಪ್ರೋಟೀನಿನ ಮೂಲ ಘಟಕ) ಪುಡಿ. ಪ್ರತಿ ಜೋಡಿಯಲ್ಲಿ ಒಬ್ಬರಿಗೆ ಮಾತ್ರ ಜೊತೆಗೆ ನಾರಿನ ಪ್ರಿಬಯಾಟಿಕ್, ಅಂದರೆ ಕರುಳಿನ ಜೀವಿಗಳಿಗೆ ಆಹಾರವಾಗುವ ನಾರು. 12 ವಾರದ ಬಳಿಕ ಕುರ್ಚಿಯಿಂದ ಏಳುವ ವೇಗದಲ್ಲಿ ವ್ಯತ್ಯಾಸವಿರಲಿಲ್ಲ. ನಾರು ತಿಂದವರು ಮುಂದಿದ್ದದ್ದು ನೆನಪು, ಯೋಚನೆಯ ಪರೀಕ್ಷೆಗಳಲ್ಲಿ. ಈ ಫಲಿತಾಂಶ ನನಗೆ ತುಂಬ ಇಷ್ಟ. ನಿರೀಕ್ಷಿಸಿದ್ದು ಸಿಗಲಿಲ್ಲವೆಂದು ಅವರು ಮುಚ್ಚಿಡಲಿಲ್ಲ.

ಇದನ್ನೆಲ್ಲ ಓದುತ್ತಿರುವುದು ಉಡುಪಿಯಲ್ಲಿರುವ ದೊಡ್ಡಮ್ಮನಿಗಾಗಿ. ಮಣೆಯಿಂದ ಏಳಲು ಈಗ ಅವರಿಗೆ ಯಾರಾದರೂ ಕೈ ಕೊಡಬೇಕು. ಯಾರೋ ಹೇಳಿದರೆಂದು ದುಬಾರಿ ಪ್ರೋಬಯಾಟಿಕ್ (ಜೀವಂತ ಒಳ್ಳೆಯ ಬ್ಯಾಕ್ಟೀರಿಯಾ) ಡಬ್ಬಿ ತರಿಸಲು ಹೊರಟಿದ್ದರು, ಬೇಡವೆಂದೆ. ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ಹೆಸರುಕಾಳು, ಬಸಳೆ ಮನೆಯಲ್ಲೇ ಇವೆ, ಮೀನೂ ಇದೆ. ಸ್ನಾಯುವಿನ ಮಟ್ಟಿಗೆ ಸದ್ಯ ಗಟ್ಟಿ ಪುರಾವೆ ಇರುವುದು ಸ್ನಾಯುವಿಗೆ ಭಾರ ಕೊಡುವ ವ್ಯಾಯಾಮಕ್ಕೆ. ಹಾಗಾಗಿ ಫಿಸಿಯೋಥೆರಪಿಸ್ಟ್ ಹತ್ತಿರ ಕೇಳಿ, ಕುರ್ಚಿಯಿಂದ ಎದ್ದು ಕೂರುವುದನ್ನು ಶುರು ಮಾಡಿಸಿದ್ದೇವೆ.