ಜಾಮೀನು

ದಾವಣಗೆರೆ, 2 ನವೆಂಬರ್ 2025, ಭಾನುವಾರ ರಾತ್ರಿ

ಬೆಳಿಗ್ಗೆ ಆರಕ್ಕೆ ಟೆನಿಸ್ ಕೋರ್ಟಿಗೆ ಹೋದಾಗ ಎಲ್ಲರ ಬಾಯಲ್ಲೂ ರೋಹನ್ ಬೋಪಣ್ಣನವರ ನಿವೃತ್ತಿಯದೇ ಮಾತು. ಸರಿಯಾಗಿ ರಾಜ್ಯೋತ್ಸವದ ದಿನವೇ, 45ನೇ ವಯಸ್ಸಿನಲ್ಲಿ, ಕೊಡಗಿನ ಆ ಆಟಗಾರ ವಿದಾಯ ಹೇಳಿದರು. 2024ರ ಜನವರಿಯಲ್ಲಿ ಅವರು ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ನಾನು ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ಮೊಬೈಲಿನಲ್ಲಿ ನೋಡಿದ್ದೆ, ಕಣ್ಣು ತುಂಬಿತ್ತು. ಮೊಣಕಾಲಿನ ಮೆದ್ದೆಲುಬು ಸವೆದುಹೋದ ಮೇಲೂ ಅಯ್ಯಂಗಾರ್ ಯೋಗ ಮಾಡಿ ಅವರು ಆಟ ಮುಂದುವರಿಸಿದ್ದನ್ನು ಓದಿಯೇ ನಾನೂ ನನ್ನ ಎಡ ಮೊಣಕಾಲಿಗೆ ಯೋಗದ ಮೊರೆ ಹೋದದ್ದು.

ಆದರೆ ಇವತ್ತು ಬರೆಯಲು ಕುಳಿತದ್ದು ಅದಕ್ಕಲ್ಲ. 19 ವರ್ಷಗಳಿಂದ ನನ್ನ ಎಡಬದಿಯಲ್ಲಿ ಆಡುತ್ತ ಬಂದಿರುವ ಜೊತೆಗಾರರು, ಎರಡನೆಯ ಸರ್ವ್ ಅನ್ನು ಕಣ್ಣು ಮುಚ್ಚಿ ನಂಬಬಹುದಾದ ಮನುಷ್ಯ, ಒಂದೇ ಸೆಟ್ಟಿನಲ್ಲಿ ಐದು ಡಬಲ್ ಫಾಲ್ಟ್ ಮಾಡಿದರು. ತಲೆಯ ಮೇಲೆ ಬಂದ ಲಾಬ್ ಚೆಂಡನ್ನು ನೋಡುತ್ತಲೇ ನಿಂತರು. ಮೈ ಸರಿಯಿಲ್ಲವೇನೋ ಎಂದುಕೊಂಡೆ. ಉಳಿದಿಬ್ಬರು ಬೆಣ್ಣೆದೋಸೆಗೆ ಹೊರಟ ಮೇಲೆ, ಬೆಂಚಿನ ಮೇಲೆ ಕುಳಿತು ಶೂ ದಾರ ಬಿಚ್ಚುತ್ತ, ನನ್ನ ಕಡೆ ತಿರುಗದೆ ಮಾತು ತೆಗೆದರು.

“ಅಣ್ಣಾ, ಬ್ಯಾಂಕಿನವರು ಒಬ್ಬರ ಜಾಮೀನು ಕೇಳ್ತಿದ್ದಾರೆ. ನಿಮ್ಮನ್ನ ಬಿಟ್ಟು ಇನ್ನೊಬ್ಬರನ್ನ ಕೇಳೋಕೆ ನನಗೆ ಬಾಯಿ ಬರಲ್ಲ.”

“ಎಷ್ಟಕ್ಕೆ?”

“ನಲವತ್ತು.”

ಲಕ್ಷ ಎಂಬುದನ್ನು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರದು ಮೆಕ್ಕೆಜೋಳದ ವ್ಯಾಪಾರ. ಬೇಸಿಗೆಯಲ್ಲಿ ಒಳ್ಳೆಯ ಬೆಲೆಗೆ ಕೊಂಡು ಗೋದಾಮಿನಲ್ಲಿ ಇಟ್ಟ ಮಾಲು ಹಾಗೆಯೇ ಇದೆ. ಈಗ ಹೊಸ ಬೆಳೆ ಬರುತ್ತಿದೆ, ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಎಂದಿದ್ದರೂ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗೆ ಬಿದ್ದಿದೆ. ಮಾರಿದರೆ ಕೈ ಸುಡುತ್ತದೆ, ಇಟ್ಟುಕೊಂಡರೆ ಬಡ್ಡಿ ಬೆಳೆಯುತ್ತದೆ. ಇದರಲ್ಲಿ ಅವರ ದುಡುಕೇನೂ ನನಗೆ ಕಾಣುವುದಿಲ್ಲ. ಹೆಸರು ಇಲ್ಲಿ ಬರೆಯುವುದಿಲ್ಲ. ಊಹಿಸಬಲ್ಲವರು ದಯವಿಟ್ಟು ಊಹೆಯನ್ನು ತಮ್ಮಲ್ಲೇ ಇಟ್ಟುಕೊಳ್ಳಬೇಕು.

“ಎರಡು ದಿನ ಕೊಡಿ” ಎಂದೆ. “ಆಗಲಿ ಅಣ್ಣಾ, ಆಗದಿದ್ದರೂ ಬೆಳಿಗ್ಗೆ ಆಟಕ್ಕೆ ಮಾತ್ರ ತಪ್ಪಿಸಬೇಡಿ” ಎಂದರು. ಆ ಮಾತು ಎದೆಯಲ್ಲಿ ಚುಚ್ಚಿಕೊಂಡು ಕುಳಿತಿದೆ.

ಜಾಮೀನು ಎಂಬ ಶಬ್ದ ನಮ್ಮ ಮನೆಗೆ ಹೊಸದಲ್ಲ. ಊರಿನ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ದಿನಗಳಲ್ಲಿ ಅಪ್ಪ ತಮ್ಮ ಸ್ನೇಹಿತರೊಬ್ಬರ ಮಗ್ಗದ ಸಾಲಕ್ಕೆ ಸಹಿ ಹಾಕಿದರು, ಮಗ್ಗ ನಿಂತಿತು, ಚೌಕಿಪೇಟೆಯ ನಮ್ಮ ಮನೆ ಹೋಯಿತು. 1872ರ ಕರಾರು ಕಾಯ್ದೆಯ 128ನೇ ಕಲಮನ್ನು ನಾನು ಮೊದಲು ಕೇಳಿದ್ದು ವಕೀಲರು ಅಪ್ಪನಿಗೆ ಓದಿ ಹೇಳುತ್ತಿದ್ದಾಗ: ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ, ಬ್ಯಾಂಕು ಮೊದಲು ಸಾಲಗಾರನ ಬಾಗಿಲಿಗೇ ಹೋಗಬೇಕೆಂಬ ನಿಯಮವಿಲ್ಲ. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಆ ವಾಕ್ಯ ಇಂದಿಗೂ ಬಾಯಿಪಾಠವಾಗಿದೆ.

ಅಂಗಡಿಯ ಹೊತ್ತು ಹೇಗೆ ಕಳೆಯಿತೋ ತಿಳಿಯದು. ತುಳಸಿ ಲಗ್ನವಾದರೆ ನಮಗೆ ಮದುವೆ ಜವಳಿಯ ಕಾಲ. ಸೂರತ್ತಿನ ಬೇಲುಗಳು ಬಂದು ಬಿದ್ದಿವೆ, ಅವುಗಳ ಹಣ ಕಟ್ಟಬೇಕು. 2,500 ರೂಪಾಯಿ ಮೀರಿದ ಸಿದ್ಧ ಉಡುಪಿಗೆ ಸೆಪ್ಟೆಂಬರಿನಿಂದ ಜಿಎಸ್‌ಟಿ ಶೇಕಡಾ 18 ಆದ ಮೇಲೆ ಶೇರ್ವಾನಿ ಕೇಳುವವರು ಬೆಲೆ ಚೀಟಿ ನೋಡಿ ಹಿಂದಿಡುತ್ತಿದ್ದಾರೆ. ಇಂಥ ಹೊತ್ತಿನಲ್ಲಿ ಜಾಮೀನು ಹಾಕಿದರೆ ಅದು ನನ್ನ ಸಿಬಿಲ್ ವರದಿಯಲ್ಲೂ ಕಾಣಿಸಿಕೊಳ್ಳುತ್ತದೆ, ನಾಳೆ ನನಗೇ ಸಾಲ ಬೇಕಾದಾಗ ಅದನ್ನೂ ಲೆಕ್ಕ ಹಿಡಿಯುತ್ತಾರೆ. ಇದೆಲ್ಲ ಲೆಕ್ಕ. ಲೆಕ್ಕದಲ್ಲಿ ಉತ್ತರ ‘ಇಲ್ಲ’ ಎಂದೇ ಬರುತ್ತದೆ. ಆದರೆ ಅಪ್ಪ ತೀರಿಕೊಂಡ ರಾತ್ರಿ ಆಸ್ಪತ್ರೆಯ ಬಿಲ್ಲು ಕಟ್ಟಿ, ನನಗೆ ತಿಳಿಸದೆ ಅಂಗಡಿಯ ಹುಡುಗರಿಗೆ ಊಟ ಹಾಕಿಸಿದವರು ಇದೇ ಮನುಷ್ಯ.

ಸಂಜೆ ಪೂಜೆಗೆ ಅವ್ವ ನೆಲ್ಲಿಕಾಯಿ ಆರಿಸುತ್ತ ಕುಳಿತಿದ್ದಾಗ ಹತ್ತಿರ ಹೋಗಿ ಕುಳಿತೆ. ಬೆಳಗಿನ ಸಂಗತಿ ಹೇಳಲಿಲ್ಲ. ಅಪ್ಪ ಅಂದು ಸಹಿ ಮಾಡಿದ್ದಕ್ಕೆ ನಿನಗೆ ಸಿಟ್ಟಿತ್ತೇ ಎಂದಷ್ಟೇ ಕೇಳಿದೆ. ಇಷ್ಟು ವರ್ಷಗಳಲ್ಲಿ ಅದನ್ನು ಕೇಳಿದ್ದು ಇದೇ ಮೊದಲು.

“ಸಹಿ ಮಾಡಿದ್ದಕ್ಕೆ ಯಾಕಪ್ಪ ಸಿಟ್ಟು? ಆ ಮನುಷ್ಯ ನಮ್ಮ ಕಷ್ಟಕ್ಕೆ ಆಗಿದ್ದೋನು” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಮನೆ ಹೋಗ್ತದೆ ಅಂತ ನನಗೆ ತಿಳಿದಿದ್ದು ನ್ಯಾಯಾಲಯದ ಅಮೀನ ಬಾಗಿಲಿಗೆ ಬಂದು ನಿಂತಾಗ. ನನ್ನ ಕೂಡ ಒಂದು ಮಾತು ಆಡಿರಲಿಲ್ಲ ನಿಮ್ಮಪ್ಪ” ಎಂದು ನೆಲ್ಲಿಕಾಯಿಯ ಬುಟ್ಟಿ ನನ್ನ ಕೈಗೆ ಕೊಟ್ಟಳು.

ನಾನು ಇಡೀ ದಿನ ಹಣವನ್ನು ತೂಗುತ್ತಿದ್ದೆ, ಸ್ನೇಹವನ್ನು ತೂಗುತ್ತಿದ್ದೆ. ಇವಳನ್ನು, ನನ್ನ ಹೆಂಡತಿಯನ್ನು, ಕೇಳಬೇಕೆಂದು ಒಮ್ಮೆಯೂ ತೋಚಿರಲಿಲ್ಲ. ಪೂಜೆಯಲ್ಲಿ ಎದುರಿಗೇ ನಿಂತಿದ್ದಳು, ಆರತಿ ಹಿಡಿದು, ಮಗಳಿಗೆ ಹಾಡು ಹೇಳಿಕೊಡುತ್ತ. ಈಗ ಮಲಗಿದ್ದಾಳೆ. ಬೆಳಿಗ್ಗೆ ಐದಕ್ಕೆ ಹಾಲು ಕಾಯಿಸಲು ಏಳುತ್ತಾಳೆ, ನಾನು ಕೋರ್ಟಿಗೆ ಹೊರಡುವ ಮೊದಲು ಅರ್ಧ ಗಂಟೆ ಸಿಗುತ್ತದೆ. ನಲವತ್ತು ಲಕ್ಷ ಎಂದು ಮೊದಲು ಹೇಳಲೋ, ಶೂ ದಾರ ಬಿಚ್ಚುತ್ತಿದ್ದಾಗ ಅವರ ಕೈ ನಡುಗುತ್ತಿದ್ದುದನ್ನು ಮೊದಲು ಹೇಳಲೋ, ಯಾವುದನ್ನು ಮೊದಲು ಹೇಳಿದರೂ