ಹಂಗಾರಕಟ್ಟೆಯ ಹಳೆಯ ದೋಣಿ ಕಾರ್ಕಳದ ಕೆರೆಗೆ: ಹೊರಡುವವರಿಗೆ ಕೆಲವು ಮಾತುಗಳು

ಹೊಸದಾಗಿ ನೀಲಿ ಬಣ್ಣ ಬಳಿದ ಹಳೆಯ ಮರದ ದೋಣಿಯನ್ನು ಯಾರಾದರೂ ಅಗ್ಗದ ಬೆಲೆಗೆ ಕೊಡುತ್ತೇವೆಂದರೆ, ಹಣ ಎಣಿಸುವ ಮೊದಲು ದೋಣಿ ಕೆಲಸ ಬಲ್ಲ ಆಚಾರ್ಯರೊಬ್ಬರನ್ನು (ಬಡಗಿಯನ್ನು) ಕರೆದೊಯ್ದು ತೋರಿಸಿ. ನಾನು ತೋರಿಸಲಿಲ್ಲ. ಮಲ್ಪೆಯ ಹತ್ತಿರ ಮಧ್ಯವರ್ತಿಯೊಬ್ಬರ ಮಾತು ನಂಬಿ 18 ಅಡಿಯ ದೋಣಿಗೆ 22,000 ರೂಪಾಯಿ ಕೊಟ್ಟು, ಅದನ್ನು ಬ್ರಹ್ಮಾವರದ ಹತ್ತಿರದ ಹಂಗಾರಕಟ್ಟೆಗೆ ಸಾಗಿಸಿದೆ. ಅಲ್ಲಿಯ ಹಿರಿಯ ಆಚಾರ್ಯರು ಏನೂ ಹೇಳದೆ ಸ್ಕ್ರೂಡ್ರೈವರಿನ ತುದಿಯನ್ನು ತಳದ ಹಲಗೆಗೆ ಒತ್ತಿದರು. ಅದು ಎರಡು ಅಂಗುಲ ಸಲೀಸಾಗಿ ಒಳಗಿಳಿಯಿತು. ಹೊರಗೆಳೆದಾಗ ಕಾಫಿಪುಡಿಯಂಥ ಕಂದು ಹುಡಿ ಉದುರಿತು. ಬಣ್ಣದ ಅಡಿಯಲ್ಲಿ ಪುಟ್ಟಿ ಇತ್ತು, ಪುಟ್ಟಿಯ ಅಡಿಯಲ್ಲಿ ಕೊಳೆತ ಮರ. ಕೊನೆಗೆ ದುರಸ್ತಿಯ ಖರ್ಚು ದೋಣಿಯ ಬೆಲೆಯನ್ನೂ ಮೀರಿತು.

ಕಾರ್ಕಳದ ಸಮೀಪ ನನ್ನ ಭಾವನವರ ತೋಟಕ್ಕೆ ತಾಗಿಕೊಂಡಿರುವ ಕೆರೆಯಲ್ಲಿ ಮರದ ದೋಣಿಯಲ್ಲಿ ಕುಳಿತು ಗಾಳ ಹಾಕಬೇಕೆಂಬುದು ನನ್ನ ಬಹುಕಾಲದ ಆಸೆ. ಫೈಬರ್ ದೋಣಿ ಹಗುರವಾಗಿರುತ್ತದೆ, ಸೋರುವುದಿಲ್ಲ, ಅಷ್ಟಾಗಿ ಆರೈಕೆಯನ್ನೂ ಬೇಡುವುದಿಲ್ಲ ಎಂಬುದು ನಿಜ. ಆದರೆ ಫೈಬರ್ ಬಂದ ಮೇಲೆ ಕರಾವಳಿಯ ಎಷ್ಟೋ ಮರದ ದೋಣಿಗಳು ತೆಂಗಿನ ಮರಗಳ ಕೆಳಗೆ ಮಗುಚಿ ಬಿದ್ದು ಗೆದ್ದಲಿನ ಪಾಲಾಗುತ್ತಿರುವುದನ್ನು ನೋಡಿದಾಗ, ಒಂದನ್ನಾದರೂ ಉಳಿಸಿಕೊಳ್ಳಬೇಕೆಂದು ಮನಸ್ಸು ಹಟ ಹಿಡಿಯಿತು.

ಹೋಗುವ ಕಾಲವನ್ನು ಸರಿಯಾಗಿ ಆರಿಸಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟುಗಳೆಲ್ಲ ದಡ ಸೇರುತ್ತವೆ, ಮತ್ತು ವರ್ಷದ ದುರಸ್ತಿ ಕೆಲಸವೆಲ್ಲ ಆಗಲೇ ನಡೆಯುತ್ತದೆ. ಆ ಎರಡು ತಿಂಗಳು ನಮ್ಮಂಥವರ ಸಣ್ಣ ದೋಣಿಯನ್ನು ಮುಟ್ಟಲು ಯಾರಿಗೂ ಬಿಡುವಿರುವುದಿಲ್ಲ. ಮೊದಲ ಸಲ ಜೂನ್‌ನಲ್ಲಿ ಬಂದು ವಿಚಾರಿಸಿ ಬರಿಗೈಯಲ್ಲಿ ಹಿಂದಿರುಗಿದ್ದೆ. ನವೆಂಬರಿನಲ್ಲಿ ಬಂದಾಗ ಆಚಾರ್ಯರಿಗೂ ಪುರುಸೊತ್ತಿತ್ತು, ಮರವೂ ಚೆನ್ನಾಗಿ ಒಣಗಿತು.

ಶಿವಮೊಗ್ಗದಿಂದ ಆಗುಂಬೆಯ ಮಾರ್ಗವಾಗಿ ಬರುವುದಾದರೆ ಶನಿವಾರ, ಭಾನುವಾರಗಳಂದು ದಯವಿಟ್ಟು ಹೊರಡಬೇಡಿ. 14 ತಿರುವುಗಳ ಆ ಘಾಟಿಯಲ್ಲಿ ದೊಡ್ಡ ಬಸ್ಸುಗಳಿಗೆ ಅವಕಾಶವಿಲ್ಲದ ಕಾರಣ ಮಿನಿ ಬಸ್ಸುಗಳೇ ಗತಿ. ನಾನು ಹತ್ತಿದ ಬಸ್ಸಿನಲ್ಲಿ ಸೀಟು ಇದೆಯೆಂದು ಹೇಳಿ ಹತ್ತಿಸಿಕೊಂಡು, ತೀರ್ಥಹಳ್ಳಿಯಿಂದ ಹೆಬ್ರಿಯವರೆಗೆ ಒಂಟಿ ಕಾಲಿನಲ್ಲಿ ನಿಲ್ಲಿಸಿದರು. ಮುಂದೆ ನಿಂತಿದ್ದ ಮಗು ನಾಲ್ಕನೆಯ ತಿರುವಿನಲ್ಲಿಯೇ ವಾಂತಿ ಮಾಡಿಕೊಂಡಿತು. ಕಿಟಕಿ ತೆರೆಯಲು ಕೂಡ ಜಾಗವಿರಲಿಲ್ಲ. ಜನಜಂಗುಳಿಯನ್ನು ನಾನು ಸಹಿಸಲಾರೆ, ಹಾಗಾಗಿ ಮರಳುವಾಗ ಮಂಗಳವಾರದ ಮುಂಜಾನೆಯ ಬಸ್ಸನ್ನೇ ಹಿಡಿದೆ. ಮಲ್ಪೆಯ ಕಡಲ ತೀರದಲ್ಲಿ ಒಂದು ರಾತ್ರಿಗೆ 2,800 ರೂಪಾಯಿ ಕೊಟ್ಟ ಕೋಣೆಯಲ್ಲಿ ಫ್ಯಾನ್ ಕೂಡ ಸರಿಯಾಗಿ ತಿರುಗುತ್ತಿರಲಿಲ್ಲ. ಬ್ರಹ್ಮಾವರದಲ್ಲಿ ಉಳಿದುಕೊಳ್ಳಿ, ಹಂಗಾರಕಟ್ಟೆಗೂ ಅದೇ ಹತ್ತಿರ.

ಸೀತಾ, ಸ್ವರ್ಣಾ ನದಿಗಳು ಕಡಲು ಸೇರುವಲ್ಲಿರುವ ಹಂಗಾರಕಟ್ಟೆ ಹಿಂದೆ ಮಂಜಿಗಳು, ಅಂದರೆ ಸರಕು ಸಾಗಿಸುವ ಹಾಯಿ ಹಡಗುಗಳು, ಬಂದು ನಿಲ್ಲುತ್ತಿದ್ದ ಊರು. ಅಲ್ಲಿಯ ಆಚಾರ್ಯರಿಂದ ನಾನು ಕಲಿತ ಮುಖ್ಯ ಸಂಗತಿಯೊಂದಿದೆ. "ಉಪ್ಪುನೀರಲ್ಲಿ ದೋಣಿಗೆ ಹುಳದ ಭಯ, ಸಿಹಿನೀರಲ್ಲಿ ಕೊಳೆಯುವ ಭಯ ಮಾರಾಯ್ರೆ" ಎಂದು ಅವರು ಹೇಳಿದರು. ಮರ ಕೊರೆಯುವ ಕಡಲ ಹುಳು ಸಿಹಿನೀರಿನಲ್ಲಿ ಬದುಕುವುದಿಲ್ಲ. ಆದರೆ ಮರವನ್ನು ಕೊಳೆಯದಂತೆ ಕಾಯುತ್ತಿದ್ದ ಉಪ್ಪು ಕೆರೆಯಲ್ಲಿ ಕ್ರಮೇಣ ತೊಳೆದುಹೋಗುತ್ತದೆ. ಅದಕ್ಕಾಗಿ, ಮಳೆನೀರು ನಿಲ್ಲುವ ಮೂಲೆಗಳನ್ನೂ ಅಡ್ಡಪಟ್ಟಿಗಳ ಅಡಿಯನ್ನೂ ಮೊದಲು ನೋಡಬೇಕು. ನಮ್ಮ ದೋಣಿಯ ಎರಡು ತಳದ ಹಲಗೆಗಳನ್ನು ಕಿತ್ತು ಹೆಬ್ಬಲಸಿನ ಹಲಗೆ ಕೂಡಿಸಲಾಯಿತು. ತುಕ್ಕು ಹಿಡಿದ ಕಬ್ಬಿಣದ ಮೊಳೆಗಳ ಜಾಗದಲ್ಲಿ ತಾಮ್ರದ ಮೊಳೆ ಹೊಡೆಸಿದೆ. ದುಬಾರಿಯಾದರೂ ಇದರಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಹಲಗೆಗಳ ಸಂದಿಗೆ ಹೊಸೆದ ಹತ್ತಿಯ ಹುರಿಯನ್ನು ಉಳಿ ಕೊಡತಿಗಳಿಂದ ತುಂಬುವಾಗ ಆಚಾರ್ಯರು ಕಣ್ಣಿಗಿಂತ ಕಿವಿಯನ್ನೇ ನೆಚ್ಚಿದ್ದರು: ಮೊದಲ ಪೆಟ್ಟುಗಳ ಮಂದ ಸದ್ದು ಗಟ್ಟಿಯಾಗಿ 'ಟಣ್' ಎಂದಾಗಷ್ಟೇ ಮುಂದಿನ ಗೇಣಿಗೆ ಸರಿಯುತ್ತಿದ್ದರು. ಅದರ ಮೇಲೆ ಎಣ್ಣೆಯಲ್ಲಿ ಕಾಯಿಸಿದ ರಾಳ, ಕೊನೆಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಎರಡು ಸಲ. ಈ ಎಣ್ಣೆ ಚರ್ಮಕ್ಕೆ ತಾಗಿದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ, ಕೈಗವಸಿಲ್ಲದೆ ಮುಟ್ಟಬೇಡಿ. ಪೂರ್ತಿ ಒಣಗುವ ಮುನ್ನ ದೋಣಿಯನ್ನು ಕೆರೆಗೆ ಇಳಿಸಲೂ ಬೇಡಿ.

ಆ ದಿನಗಳಲ್ಲಿ ನನ್ನನ್ನು ಸಾಕಿದ್ದು ದೋಣಿಗಳು ನಿಲ್ಲುವ ಧಕ್ಕೆಯ ಸಮೀಪದ ಮನೆಯೊಂದರ ಜಗಲಿಯಲ್ಲಿ ನಡೆಯುವ, ಬೋರ್ಡ್ ಕೂಡ ಇಲ್ಲದ ಊಟದ ಹೋಟೆಲು. ಮೂರು ಬೆಂಚು, ಬಾಳೆಯೆಲೆ, ಹಬೆಯಾಡುವ ಕುಚ್ಚಲಕ್ಕಿ ಅನ್ನ. ಬಂಗುಡೆಯ ಸಾರಿಗೆ ತೆಂಗಿನಕಾಯಿಯನ್ನು ಕಡೆಯುವ ಕಲ್ಲಿನಲ್ಲಿಯೇ ಅರೆಯುತ್ತಾರೆ. ಬ್ಯಾಡಗಿ ಮೆಣಸಿನ ಬಣ್ಣ, ಹುಣಸೆಯ ಹದವಾದ ಹುಳಿ, ಅನ್ನಕ್ಕೆ ಕಲಸಿದರೆ ಬೆರಳಿಗೆ ಅಂಟುವಷ್ಟು ದಪ್ಪ. ಒಂದು ಮಧ್ಯಾಹ್ನ ನದಿಯಿಂದ ಆಗಷ್ಟೇ ತಂದ ಮರವಾಯಿಯ (ಚಿಪ್ಪುಮೀನಿನ) ಸುಕ್ಕ ಮಾಡಿದ್ದರು. ಆ ರುಚಿಯನ್ನು ಮರೆಯಲಾರೆ. ಅಮ್ಮ ಮಗಳು ಇಬ್ಬರೇ ನಡೆಸುತ್ತಾರೆ, ಊಟಕ್ಕೆ 90 ರೂಪಾಯಿ, ಅನ್ನಕ್ಕೂ ಸಾರಿಗೂ ಲೆಕ್ಕವಿಲ್ಲ. "ಇನ್ನೊಂಚೂರು ಹಾಕುದಾ ಅಣ್ಣ?" ಎಂದು ಆ ಮಗಳು ಕೇಳಿದರೆ ಬೇಡವೆನ್ನಲು ಬಾಯಿ ಬರುವುದಿಲ್ಲ. ಒಂದೂವರೆ ಗಂಟೆಯೊಳಗೆ ಹೋಗಿ. ಅನಂತರ ಮೀನು ಉಳಿದಿರುವುದಿಲ್ಲ.

ದೋಣಿಯನ್ನು ಟೆಂಪೋದಲ್ಲಿ ಮಗುಚಿ ಕಟ್ಟಿ ಪಡುಬಿದ್ರಿ, ಬೆಳ್ಮಣ್ ದಾರಿಯಾಗಿ ಕಾರ್ಕಳಕ್ಕೆ ಒಯ್ದೆವು. ಹಗ್ಗ ತಾಗುವಲ್ಲೆಲ್ಲ ಗೋಣಿ ಮಡಚಿ ಇಡಿ, ಇಲ್ಲವಾದರೆ ಅಂಚಿನ ಮರ ಜಜ್ಜಿಹೋಗುತ್ತದೆ. ಕೆರೆಗೆ ಇಳಿಸಿದ ಮೊದಲ ದಿನ ನೀರು ಒಳಗೆ ಬಂದೇ ಬರುತ್ತದೆ. ಗಾಬರಿಯಾಗದೆ ದಡದ ಹತ್ತಿರ ಅರ್ಧ ಮುಳುಗಿಸಿ ಕಟ್ಟಿಡಿ. ಹಲಗೆಗಳು ನೀರು ಕುಡಿದು ಉಬ್ಬಿ ಸಂದಿಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ನಮ್ಮದಕ್ಕೆ ಮೂರು ದಿನ ಬೇಕಾಯಿತು. ಸಿಹಿನೀರಿನಲ್ಲಿ ದೋಣಿ ಕಡಲಿನಲ್ಲಿಗಿಂತ ತುಸು ಆಳಕ್ಕೆ ಕೂರುತ್ತದೆ, ಆದ್ದರಿಂದ ಇಬ್ಬರಿಗಿಂತ ಹೆಚ್ಚು ಜನ ಹತ್ತುವುದು ಬೇಡ. ಲೈಫ್ ಜಾಕೆಟ್ ಇಲ್ಲದೆ ಯಾರೂ ಹತ್ತಬೇಡಿ.

ಕೆರೆ ಖಾಲಿ ಇದೆಯೆಂದು ಗಾಳ ಹಾಕಬಾರದು. ಸಾರ್ವಜನಿಕ ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಗ್ರಾಮ ಪಂಚಾಯತಿಯೋ ಮೀನುಗಾರಿಕೆ ಇಲಾಖೆಯೋ ಹರಾಜಿನಲ್ಲಿ ಗುತ್ತಿಗೆಗೆ ಕೊಟ್ಟಿರುತ್ತದೆ. ನಾವು ಗುತ್ತಿಗೆದಾರರ ಮನೆಗೆ ಹೋಗಿ ಒಪ್ಪಿಗೆ ಪಡೆದೆವು. ಹೆಬ್ರಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಸಿಗುವ ವರಂಗದ ಕೆರೆ ಬಸದಿಗೆ ಅಲ್ಲಿಯ ದೋಣಿಯಲ್ಲಿ ಅವಶ್ಯ ಹೋಗಿಬನ್ನಿ, ಗಾಳವನ್ನು ಮಾತ್ರ ಚೀಲದಿಂದ ತೆಗೆಯಬೇಡಿ. ಮೊದಲ ಮಳೆಗೆ ತುಳುವರು ಉಬರ್ ಎನ್ನುವ ಮೀನುಗಳು ಹೊಳೆ ಕೆರೆಗಳಿಂದ ಗದ್ದೆಗೆ ಏರುವಾಗ ಅವುಗಳನ್ನು ಹಿಡಿಯುವ ರೂಢಿಯೂ ಇದೆ. ಮೊಟ್ಟೆ ತುಂಬಿದ ಮೀನನ್ನು ಹಿಡಿಯುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಕಾಟ್ಲಾ, ರೋಹುಗಳಿಗೆ ತವುಡು ಮತ್ತು ಕಡಲೆ ಹಿಂಡಿ ಕಲಸಿದ ಉಂಡೆ, ಮುಗುಡಿಗೆ ಎರೆಹುಳು ಸಾಕು. ನಾಲ್ಕನೆಯ ಬೆಳಿಗ್ಗೆ ಆರೂವರೆಗೆ, ಮಂಜು ಇನ್ನೂ ನೀರಿನ ಮೇಲಿರುವಾಗ, ಬೆಂಡು ಎರಡು ಸಲ ನಡುಗಿ ಓರೆಯಾಗಿ ಮುಳುಗಿತು. ಗಾಳದ ದಾರವಾದ ತಂಗೂಸಿ ಬೆರಳನ್ನು ಕೊಯ್ಯುವಷ್ಟು ಬಿಗಿಯಾಯಿತು, ಮೀನು ದೋಣಿಯ ಮೂತಿಯನ್ನೇ ತನ್ನತ್ತ ತಿರುಗಿಸಿತು. ಮೇಲೆ ಬಂದದ್ದು ಎರಡು ಕಿಲೋಗೂ ಮಿಕ್ಕಿದ ಕಾಟ್ಲಾ. ಭಾವನವರು ಮೊದಲು ಬಗ್ಗಿ ದೋಣಿಯ ತಳವನ್ನು ಅಂಗೈಯಿಂದ ಸವರಿ ನೋಡಿದರು, ಹಲಗೆಗಳು ಒಣಗಿದ್ದವು.